ಎರಡು ಸಲ ಕಾನೂನು ಓದಿದವರು

ಸಂಶೋಧನೆ ಮಾಡುವವರಿಗೆ ಊರಿನಲ್ಲಿ ಎದುರಾಗುವಂಥ ಪ್ರಶ್ನೆಗಳು ವಿಶ್ವವಿದ್ಯಾಲಯದಲ್ಲಿ ಎದುರಾಗುವುದಿಲ್ಲ. ನಾನು ಹಳೆ ಮೈಸೂರು ಸೀಮೆಯ ಕಾನೂನು ಶಿಕ್ಷಣದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಕಳೆದ ಯುಗಾದಿಗೆ ಹೋದಾಗ ದೊಡ್ಡಪ್ಪನಿಗೆ ನನ್ನ ಕೆಲಸ ಏನೆಂದು ವಿವರಿಸುತ್ತಿದ್ದೆ. ಬೆಂಗಳೂರಿನಲ್ಲಿ ಕಾನೂನು ಪದವಿ ಪಡೆದು, ಆಮೇಲೆ ಅಮೆರಿಕಕ್ಕೆ ಹೋಗಿ ಮತ್ತೆ ಕಾನೂನು ಓದಿದವರ ವಿಚಾರ ಬಂತು. ಅವರು ಎಲೆಅಡಿಕೆ ಮಡಚುತ್ತಾ ಕೇಳಿದರು: "ಲಾಯರಿಕೆ ಓದಾದ ಮ್ಯಾಲ ಅಲ್ಲಿಗೋಗಿ ಮತ್ತ ಲಾಯರಿಕೇನೇ ಓದುದ್ರಾ? ಯಾಕ, ಇಲ್ಲಿ ಪಾಸಾಗ್ನಿಲ್ವಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ಸರಿಯಾದದ್ದೇ. ಒಬ್ಬ ವೈದ್ಯ ಎಂ.ಬಿ.ಬಿ.ಎಸ್. ಮುಗಿಸಿ ಹೊರದೇಶಕ್ಕೆ ಹೋದರೆ ಹೆಚ್ಚಿನದೇನನ್ನೋ ಕಲಿಯಲು ಹೋದ ಎಂದು ನಾವು ಸುಮ್ಮನಾಗುತ್ತೇವೆ. ದೇಹ ಎಲ್ಲ ಕಡೆ ಒಂದೇ. ಕಾನೂನು ಹಾಗಲ್ಲ. ಅದು ಗಡಿ ದಾಟಿದರೆ ಬೇರೆಯಾಗುತ್ತದೆ. ಮಂಡ್ಯದ ಗದ್ದೆಯ ಪಾಲುಪಟ್ಟಿಗೆ ಟೆಕ್ಸಾಸಿನ ಕಾನೂನಿನಿಂದ ಆಗುವ ಪ್ರಯೋಜನವೇನು?

ಮೊದಲು ಪದವಿಗಳ ಹೆಸರಿನ ಗೋಜಲನ್ನು ಬಿಡಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಹುಡುಗರು ಶಾಲೆ ಮುಗಿಸಿದವರೇ ನೇರವಾಗಿ ಕಾನೂನಿಗೆ ಸೇರಬಹುದು. ಪ್ರಪಂಚದ ಬಹುಪಾಲು ದೇಶಗಳಲ್ಲೂ ಹೀಗೆಯೇ, ಕಾನೂನು ಮೊದಲ ಪದವಿ. ಅಮೆರಿಕದಲ್ಲಿ ಮಾತ್ರ ನಾಲ್ಕು ವರ್ಷ ಬೇರೇನಾದರೂ ಓದಿ ಪದವಿ ಪಡೆದವರಿಗೆ ಕಾನೂನು ಶಾಲೆಯ ಬಾಗಿಲು ತೆರೆಯುತ್ತದೆ. ಅಲ್ಲಿ ಇದು ಮೊದಲಿನಿಂದಲೂ ಹೀಗಿರಲಿಲ್ಲ. 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆಗಿ ಬಂದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ (ಹೆಸರು ನಿಜವಾಗಿಯೂ ಅದೇ) ಉಪನ್ಯಾಸ ಬರೆಸುವ ಪದ್ಧತಿಯನ್ನು ಕೈಬಿಟ್ಟು, ತೀರ್ಪುಗಳನ್ನೇ ವಿದ್ಯಾರ್ಥಿಗಳ ಕೈಗಿಟ್ಟು, ಪ್ರಶ್ನೆ ಕೇಳಿ ಕೇಳಿ ತತ್ತ್ವವನ್ನು ಅವರಿಂದಲೇ ಹೊರಡಿಸುವ ಕ್ರಮ ತಂದ. ಇಂಥ ಓದಿಗೆ ಮೊದಲೇ ಪಳಗಿದ ತಲೆ ಬೇಕು ಎಂಬ ವಾದ ಬೆಳೆಯಿತು. ನಿಧಾನವಾಗಿ ಕಾನೂನು ಅಲ್ಲಿ ಎರಡನೆಯ ಪದವಿಯಾಯಿತು. ಆದರೂ ಅದರ ಹೆಸರು ಬಹುಕಾಲ ಎಲ್‌ಎಲ್.ಬಿ. ಎಂದೇ ಇತ್ತು. ಷಿಕಾಗೋ ವಿಶ್ವವಿದ್ಯಾಲಯ 1902ರಷ್ಟು ಹಿಂದೆಯೇ ಜೆ.ಡಿ., ಅಂದರೆ ಕಾನೂನಿನ ಡಾಕ್ಟರ್, ಎಂದು ಕರೆದರೂ ಉಳಿದ ದೊಡ್ಡ ಶಾಲೆಗಳು ಆ ಹೆಸರಿಗೆ ಬದಲಾದದ್ದು 1960ರ ದಶಕದಲ್ಲಿ. ಯೇಲ್ ಬದಲಾದದ್ದು 1971ರಲ್ಲಿ. ಹಳೆಯ ಎಲ್‌ಎಲ್.ಬಿ. ಪದವೀಧರರಿಗೆ ಅನೇಕ ಶಾಲೆಗಳು ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟವು. ಒಂದು ಪುಟವನ್ನೂ ಹೊಸದಾಗಿ ಓದದೆ ಸಾವಿರಾರು ವಕೀಲರು ರಾತ್ರಿ ಕಳೆಯುವುದರೊಳಗೆ ಡಾಕ್ಟರುಗಳಾದರು.

ನಮ್ಮ ಕಡೆಯ ಕತೆ ಇನ್ನೂ ವಿಚಿತ್ರ. ನಮ್ಮ ಹಳೆಯ ಎಲ್‌ಎಲ್.ಬಿ. ಹೆಸರಿಗೆ ಸ್ನಾತಕ ಪದವಿ, ಆದರೆ ಸೇರಲು ಬಿ.ಎ.ಯೋ ಬಿ.ಎಸ್ಸಿ.ಯೋ ಆಗಿರಬೇಕಿತ್ತು. ಅಂದರೆ 1950ರ ದಶಕದಲ್ಲಿ ಬೆಂಗಳೂರಿನ ಎಲ್‌ಎಲ್.ಬಿ.ಗೂ ಅಮೆರಿಕದ ಹಲವು ಶಾಲೆಗಳ ಎಲ್‌ಎಲ್.ಬಿ.ಗೂ ಹೆಸರು ಒಂದೇ, ಸೇರುವ ಮೆಟ್ಟಿಲೂ ಒಂದೇ. ಅವರು ತಮ್ಮ ಪದವಿಯ ಹೆಸರನ್ನು ಮೇಲಕ್ಕೇರಿಸಿಕೊಂಡರು. ನಾವು ಹಾಗೇ ಉಳಿದೆವು. ಪಿ.ಯು.ಸಿ. ಮುಗಿಸಿದವರು ನೇರವಾಗಿ ಕಾನೂನಿಗೆ ಸೇರುವ ಐದು ವರ್ಷದ ಕೋರ್ಸು ನಮ್ಮಲ್ಲಿ ನೆಲೆಯೂರಿದ್ದು 1980ರ ದಶಕದಲ್ಲಿ. ಆದ್ದರಿಂದ ಇಲ್ಲಿಂದ ಕಾನೂನು ಓದಿ ಅಮೆರಿಕಕ್ಕೆ ಹೋದವರು ಅಲ್ಲಿಯ ಸಹಪಾಠಿಗಳಿಗಿಂತ ಕಡಿಮೆ ಓದಿದವರೆಂದು ಭಾವಿಸುವ ಕಾರಣ ಯಾವ ಕಾಲದಲ್ಲೂ ಇರಲಿಲ್ಲ.

ಕಾನೂನು ಓದಲು ಹೊರಗೆ ಹೋಗುವುದು ಮೈಸೂರಿನವರಿಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯ 1916ರಲ್ಲೇ ಸ್ಥಾಪನೆಯಾಯಿತು, ಆದರೆ ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ತೆರೆದದ್ದು 1948ರಲ್ಲಿ. ಅಷ್ಟರವರೆಗೆ ಸಂಸ್ಥಾನದ ಹುಡುಗರು ಮದ್ರಾಸಿಗೋ ಮುಂಬಯಿಗೋ ಪುಣೆಗೋ ಹೋಗುತ್ತಿದ್ದರು. ನಿಜಲಿಂಗಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿ ಪುಣೆಯಲ್ಲಿ ಕಾನೂನು ಓದಿದರು. ಕೆಂಗಲ್ ಹನುಮಂತಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಿಂದ ಪುಣೆಗೇ ಹೋದರು. ಇಬ್ಬರೂ ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದರು. ಮಹಾರಾಜರ ಸೀಮೆಯಲ್ಲಿ ಬೆಳೆದು ಬ್ರಿಟಿಷ್ ಇಂಡಿಯಾದ ಕಾನೂನು ಕಲಿತು ಬಂದ ತಲೆಮಾರು ಅದು. ಪಾಸ್‌ಪೋರ್ಟ್ ಬೇಕಿರಲಿಲ್ಲ, ಆದರೆ ಅದು ಬೇರೆಯ ಆಳ್ವಿಕೆಯೇ.

ಈ ಬೇರೆತನ ನಮ್ಮ ಸೀಮೆಯಲ್ಲಿ ಎದ್ದು ಕಾಣುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ದಕ್ಷಿಣಕ್ಕೆ ಹೋದರೆ ನೀಲಗಿರಿ, ಮೂಲೆಹೊಳೆ ದಾಟಿದರೆ ವಯನಾಡು. ಅಂದು ಎರಡೂ ಮದ್ರಾಸ್ ಪ್ರಾಂತ್ಯ. ಪೂರ್ವಕ್ಕಿರುವ ಕೊಳ್ಳೇಗಾಲವೂ ಮೈಸೂರಿನದಲ್ಲ. 1956ರವರೆಗೆ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1997ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದು ಮಾಡಿದ ಇಂದಿನ ಚಾಮರಾಜನಗರ ಜಿಲ್ಲೆಯೊಳಗೇ ಹೀಗೆ ಒಂದು ಹಳೆಯ ಗಡಿ ಹೂತುಹೋಗಿದೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯಿದೆ ಮಾಡಿತು. ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿಗೆ, ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದು ಭಾಗ ಸಿಗುವ ಹಾಗೆ ಅದು ದಾರಿ ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿಯ ಹಕ್ಕು ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ, ಅದೂ ಬೇರೆ ರೂಪದಲ್ಲಿ. ಅದರಲ್ಲಿ ಹೆಣ್ಣುಮಕ್ಕಳ ಪಾಲಿನ ಮಾತಿಲ್ಲ. ಒಂದೇ ಭಾಷೆಯಾಡುವ, ಪರಸ್ಪರ ಹೆಣ್ಣು ಕೊಟ್ಟು ತಂದ ಗುಂಡ್ಲುಪೇಟೆ ಮತ್ತು ಕೊಳ್ಳೇಗಾಲದ ಮನೆಗಳಲ್ಲಿ, ಗಂಡ ಸತ್ತ ಹೆಂಗಸಿನ ಗತಿ ಅವಳು ಗಡಿಯ ಯಾವ ಬದಿಯಲ್ಲಿದ್ದಾಳೆ ಎನ್ನುವುದರ ಮೇಲೆ ನಿಂತಿತ್ತು. ಎರಡು ಕಾನೂನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ವಿಶ್ವವಿದ್ಯಾಲಯಗಳಲ್ಲಿ 'ತೌಲನಿಕ ಕಾನೂನು' ಎಂಬ ಹೆಸರಿದೆ. ನಮ್ಮ ಕಡೆಯ ಹೆಂಗಸರಿಗೆ ಅದು ಬೀಗರ ಮನೆಯ ಸುದ್ದಿಯಾಗಿ ಸಿಗುತ್ತಿತ್ತು.

ಅಮೆರಿಕದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಅಂಬೇಡ್ಕರ್ ಅವರ ಹೆಸರು ಬರುತ್ತದೆ, ಬರಬೇಕಾದ್ದೇ. ಆದರೆ ಅವರು ಕೊಲಂಬಿಯಾದಲ್ಲಿ ಕಾನೂನು ಓದಿದರೆಂದು ಭಾಷಣಗಳಲ್ಲಿ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. 1913ರಿಂದ 1916ರವರೆಗೆ ನ್ಯೂಯಾರ್ಕಿನಲ್ಲಿ ಅವರು ಓದಿದ್ದು ಮುಖ್ಯವಾಗಿ ಅರ್ಥಶಾಸ್ತ್ರ, ಜೊತೆಗೆ ಸಮಾಜಶಾಸ್ತ್ರ, ಇತಿಹಾಸ, ತತ್ತ್ವಶಾಸ್ತ್ರ. ವಕೀಲಿ ಅರ್ಹತೆ ಪಡೆದದ್ದು ಲಂಡನ್ನಿನ ಗ್ರೇಸ್ ಇನ್‌ನಲ್ಲಿ. ಕೊಲಂಬಿಯಾ ಅವರಿಗೆ ಕಾನೂನಿನ ಡಾಕ್ಟರೇಟ್ ಕೊಟ್ಟದ್ದು 1952ರಲ್ಲಿ, ಗೌರವ ಪದವಿಯಾಗಿ, ಸಂವಿಧಾನ ಬರೆದಾದ ಮೇಲೆ. ಈ ವ್ಯತ್ಯಾಸವನ್ನು ಒತ್ತಿ ಹೇಳಲು ಕಾರಣವಿದೆ. ಅವರ ಕಾಲದ ಭಾರತೀಯನಿಗೆ ವಕೀಲನಾಗಲು ಅಮೆರಿಕದ ಓದು ಉಪಯೋಗಕ್ಕೆ ಬರುತ್ತಿರಲಿಲ್ಲ. ಕಾನೂನಿನ ದಾರಿ ಲಂಡನ್ನಿನ ಮೂಲಕವೇ ಹೋಗುತ್ತಿತ್ತು. ಅದು ವಾಷಿಂಗ್ಟನ್ನಿನ ಕಡೆಗೂ ಒಂದು ಕವಲು ಒಡೆದದ್ದು ಸ್ವಾತಂತ್ರ್ಯದ ನಂತರ, 1950ರಲ್ಲಿ ಭಾರತ ಮತ್ತು ಅಮೆರಿಕ ಫುಲ್‌ಬ್ರೈಟ್ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ.

ಆ ಕವಲಿನಲ್ಲಿ ನಡೆದ ಕನ್ನಡಿಗರಲ್ಲಿ ಎಲ್ಲರಿಗೂ ಗೊತ್ತಿರುವವರು ಎಸ್.ಎಂ. ಕೃಷ್ಣ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದರು. ಮೈಸೂರಿನ ರಾಮಕೃಷ್ಣ ವಿದ್ಯಾಶಾಲೆ, ಮಹಾರಾಜ ಕಾಲೇಜು, ಆಮೇಲೆ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು. ಪುಣೆಗೆ ಹೋಗದೆ ಕಾನೂನು ಓದಲು ಸಾಧ್ಯವಾದ ಮೊದಲ ತಲೆಮಾರಿನವರು ಅವರು. ಆ ಕಾಲೇಜಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ಅಂದಿನ ಕಾನೂನು ಶಿಕ್ಷಣದ ಸ್ಥಿತಿ ಹೇಗಿತ್ತೆಂಬುದು ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ 1958ರಲ್ಲಿ ಕೊಟ್ಟ 14ನೇ ವರದಿಯಲ್ಲಿದೆ: ಅರೆಕಾಲಿಕ ಅಧ್ಯಾಪಕರು, ಬಾಯಿಪಾಠ, ಗೈಡುಗಳ ಮೇಲಿನ ಅವಲಂಬನೆ, ಹಾಜರಾತಿಗಷ್ಟೇ ಬರುವ ವಿದ್ಯಾರ್ಥಿಗಳು. ವರದಿ ದೇಶಕ್ಕೆಲ್ಲ ಅನ್ವಯಿಸಿ ಬರೆದದ್ದು.

ಅಲ್ಲಿಂದ ಕೃಷ್ಣ ಟೆಕ್ಸಾಸಿನ ಡಲ್ಲಾಸ್‌ನಲ್ಲಿರುವ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ ಹೋದರು. ಆಮೇಲೆ ಫುಲ್‌ಬ್ರೈಟ್ ವಿದ್ವಾಂಸರಾಗಿ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಾನೂನು ಶಾಲೆ. ಅವರನ್ನು ಕುರಿತ ಬರಹಗಳಲ್ಲಿ ಈ ವರ್ಷಗಳು ಎರಡು ಸಾಲಿನಲ್ಲಿ ಮುಗಿದುಹೋಗುತ್ತವೆ. ಟೆನಿಸ್, ಸೂಟು, ಕೆನಡಿ ಎಂದು ಮುಂದಕ್ಕೆ ಓಡುತ್ತವೆ. ನನಗೆ ಡಲ್ಲಾಸ್ ಮುಖ್ಯವಾಗಿ ಕಾಣುತ್ತದೆ. ಟೆಕ್ಸಾಸಿನಲ್ಲಿ ಕಾನೂನು ಶಾಲೆಯ ಬಾಗಿಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿ ಹೆಚ್ಚು ದಿನವಾಗಿರಲಿಲ್ಲ. ಹ್ಯೂಸ್ಟನ್ನಿನಲ್ಲಿ ಅಂಚೆ ಹಂಚುತ್ತಿದ್ದ ಹೀಮನ್ ಸ್ವೆಟ್ ಎಂಬ ಕಪ್ಪು ಜನಾಂಗದವರು 1946ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಅರ್ಜಿ ಹಾಕಿದರು. ಬಣ್ಣದ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಮೊಕದ್ದಮೆ ಹೂಡಿದಾಗ ರಾಜ್ಯ ಸರ್ಕಾರ ಕಪ್ಪು ಜನರಿಗಾಗಿಯೇ ತರಾತುರಿಯಲ್ಲಿ ಒಂದು ಪ್ರತ್ಯೇಕ ಕಾನೂನು ಶಾಲೆ ತೆರೆಯಿತು. 1950ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕಾನೂನು ಶಾಲೆಯೆಂದರೆ ಕಟ್ಟಡ, ಪುಸ್ತಕ, ಮೇಷ್ಟ್ರುಗಳ ಲೆಕ್ಕವಷ್ಟೇ ಅಲ್ಲ. ಅದರ ಹೆಸರು, ಅಲ್ಲಿ ಓದಿ ಹೋದವರ ಬಳಗ, ನಾಳೆ ಕೋರ್ಟಿನಲ್ಲಿ ಎದುರಾಗುವವರ ಜೊತೆ ಇಂದು ಕೂತು ವಾದಿಸುವ ಅವಕಾಶ ಇವೆಲ್ಲ ಸೇರಿ ಶಾಲೆ ಎಂಬುದು ಆ ತೀರ್ಪಿನ ತಿರುಳು. ಸ್ವೆಟ್ ಶಾಲೆಗೆ ಸೇರಿದರು. ಆದರೆ ಮೊಕದ್ದಮೆಯ ವರ್ಷಗಳು ಅವರ ಆರೋಗ್ಯವನ್ನು ಹಿಂಡಿಹಾಕಿದ್ದವು. 1952ರಲ್ಲಿ ಪದವಿ ಪಡೆಯದೆಯೇ ಬಿಟ್ಟರು. ಇದಾಗಿ ಕೆಲವೇ ವರ್ಷಗಳಿಗೆ, ಬಸ್ಸು ಹೋಟೆಲುಗಳಲ್ಲಿ ಇನ್ನೂ ಬಣ್ಣದ ಗೆರೆ ಅಳಿಸದಿದ್ದ ಆ ರಾಜ್ಯಕ್ಕೆ, ಮಂಡ್ಯದ ಜಮೀನುದಾರ ಮನೆತನದ ಯುವಕ ಹೋಗಿ ಇಳಿದರು. ಊರಿನಲ್ಲಿ ಗೆರೆಯ ಮೇಲಿನ ಬದಿಯಲ್ಲಿದ್ದವರು ಅಲ್ಲಿ ಗೆರೆಯ ಯಾವ ಬದಿ ಎಂಬ ಪ್ರಶ್ನೆ ಯಾವ ಪಠ್ಯದಲ್ಲೂ ಇರಲಿಕ್ಕಿಲ್ಲ.

1960ರಲ್ಲಿ ಅವರು ಕೆನಡಿಯ ಚುನಾವಣಾ ಪ್ರಚಾರದಲ್ಲಿ ಕೆಲಸ ಮಾಡಿದರು. ಬಂದ ಮೇಲೆ ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸಿದರು. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ನಿಂತು, ನೆಹರೂ ಬಂದು ಪ್ರಚಾರ ಮಾಡಿದ್ದ ಕಾಂಗ್ರೆಸ್ ಅಭ್ಯರ್ಥಿ ಕೆ.ವಿ. ಶಂಕರಗೌಡರನ್ನು ಸೋಲಿಸಿದರು. ಅಲ್ಲಿಗೆ ವಕೀಲಿ ಮುಗಿದು ರಾಜಕಾರಣ ಶುರುವಾಯಿತು. ಎರಡು ಸಲ ಓದಿದ ಕಾನೂನನ್ನು ಕೋರ್ಟಿನಲ್ಲಿ ನಿಂತು ವಾದಿಸುವುದಕ್ಕೆ ಅವರು ಬಳಸಿದ್ದು ಕಡಿಮೆ.

ಹಾಗಾದರೆ ಅಮೆರಿಕದ ಓದು ಇಲ್ಲಿಗೆ ತಂದದ್ದೇನು? ಅಮೆರಿಕದ ಕಾನೂನು ನಮ್ಮಲ್ಲಿಗೆ ಬರಲು ಅಮೆರಿಕದ ಪದವಿಯನ್ನು ಕಾದುಕೊಂಡು ಕೂರಲಿಲ್ಲ. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ, ಅಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನೆಗಲ್ ನರಸಿಂಗರಾಯರು ಕೇಂಬ್ರಿಡ್ಜಿಗೆ ಹೋಗಿ ಐ.ಸಿ.ಎಸ್. ಅಧಿಕಾರಿಯಾದವರು. ಅವರಿಗೆ ಅಮೆರಿಕದ ಯಾವ ಕಾನೂನು ಶಾಲೆಯ ಪದವಿಯೂ ಇರಲಿಲ್ಲ. ಆದರೆ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಮಾತಾಡಿದರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ವಿಚಾರದಲ್ಲಿ ಅಮೆರಿಕದ ಮಾದರಿಯ ಮಾತುಗಳನ್ನು ಹಾಕಿದರೆ ಚುನಾಯಿತ ಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆಹಿಡಿಯುವಂತಾಗುತ್ತದೆ ಎಂಬ ಎಚ್ಚರಿಕೆ ಅಲ್ಲಿಂದ ಬಂತು. ನಮ್ಮ 21ನೇ ವಿಧಿಯಲ್ಲಿ ಆ ಮಾತು ಹೋಗಿ 'ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ' ಎಂಬರ್ಥದ ಮಾತು ಕೂತದ್ದು ಹೀಗೆ. ಅದು ಒಳ್ಳೆಯದಾಯಿತೇ ಎಂಬ ಜಗಳ 1978ರ ಮೇನಕಾ ಗಾಂಧಿ ತೀರ್ಪಿನವರೆಗೂ, ಅದರಾಚೆಗೂ ನಡೆಯಿತು.

ಇದೇ ನರಸಿಂಗರಾಯರು 1941ರಲ್ಲಿ ನೇಮಕವಾದ ಸಿಂಧೂ ಆಯೋಗದ ಅಧ್ಯಕ್ಷರು. ಪಂಜಾಬು ಮತ್ತು ಸಿಂಧ್ ಪ್ರಾಂತ್ಯಗಳ ನೀರಿನ ತಕರಾರನ್ನು ಬಗೆಹರಿಸಲು ಆಯೋಗ ಅಮೆರಿಕದ ರಾಜ್ಯಗಳ ನಡುವಿನ ನದಿ ಮೊಕದ್ದಮೆಗಳನ್ನು ನೋಡಿತು. ಅವುಗಳಲ್ಲಿ ದೊಡ್ಡದು 1907ರ ಕಾನ್ಸಸ್ ಮತ್ತು ಕೊಲರಾಡೊ ವ್ಯಾಜ್ಯ. ಮೇಲಿನ ರಾಜ್ಯ ನದಿ ತನ್ನದೆಂದು ಕಟ್ಟಿಕೊಳ್ಳುವಂತಿಲ್ಲ, ಕೆಳಗಿನ ರಾಜ್ಯ ಹಿಂದಿನಿಂದ ಹರಿದಷ್ಟೂ ಹರಿಯಲೇಬೇಕೆಂದು ಹಟ ಹಿಡಿಯುವಂತಿಲ್ಲ, ನ್ಯಾಯವಾಗಿ ಹಂಚಿಕೊಳ್ಳಬೇಕು ಎಂಬ ತತ್ತ್ವ ಅಲ್ಲಿಂದ ಬೆಳೆಯಿತು. ಕಾವೇರಿಯ ವಿಷಯದಲ್ಲಿ ನಾವು ಹೇಳುತ್ತ ಬಂದದ್ದೂ, ನಮ್ಮೆದುರು ಹೇಳಿದ್ದೂ ಈ ತತ್ತ್ವದ ಬೇರೆಬೇರೆ ಓದುಗಳೇ. 1990ರಲ್ಲಿ ರಚನೆಯಾದ ನ್ಯಾಯಮಂಡಳಿ 2007ರಲ್ಲಿ ಕೊಟ್ಟ ತೀರ್ಪು ಕರ್ನಾಟಕಕ್ಕೆ 270 ಟಿ.ಎಂ.ಸಿ. ಎಂದಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದು ನಂಜನಗೂಡಿನ ಹತ್ತಿರ ಕಬಿನಿಗೆ ಸೇರುವ ಗುಂಡ್ಲು ಹೊಳೆಯೂ ಈ ಲೆಕ್ಕದೊಳಗೆ ಬರುತ್ತದೆ. ಬೇಸಗೆಯಲ್ಲಿ ಅದರಲ್ಲಿ ಮರಳು ಬಿಟ್ಟರೆ ಲೆಕ್ಕ ಹಾಕಲು ಬೇರೇನೂ ಇರುವುದಿಲ್ಲ, ಆ ಮಾತು ಬೇರೆ.

ಆದ್ದರಿಂದ ವಿದೇಶಿ ಪದವಿಯಿಂದ ವಿದೇಶಿ ಕಾನೂನು ಬಂತು ಎಂಬ ಸುಲಭದ ಕತೆಯನ್ನು ನಾನು ಒಪ್ಪುವುದಿಲ್ಲ. ಪದವಿ ತರುವುದು ಹೆಚ್ಚೆಂದರೆ ಒಂದು ಅಭ್ಯಾಸವನ್ನು, ನಮ್ಮ ಕಾನೂನು ಹೀಗಲ್ಲದೆ ಬೇರೆಯೂ ಇರಬಹುದಿತ್ತು ಎಂದು ನೋಡುವ ಅಭ್ಯಾಸವನ್ನು. ಆ ಅಭ್ಯಾಸ ಅಧಿಕಾರದಲ್ಲಿರುವಾಗ ಎಷ್ಟು ಉಳಿಯುತ್ತದೆ? ಇದಕ್ಕೆ ಕೃಷ್ಣ ಮುಖ್ಯಮಂತ್ರಿಯಾಗಿದ್ದ 1999ರಿಂದ 2004ರ ಅವಧಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಎರಡು ಸಲ ಕಾನೂನು ಓದಿದ ಮುಖ್ಯಮಂತ್ರಿಯ ಸರ್ಕಾರ ಎರಡು ಸಲ ಸುಪ್ರೀಂ ಕೋರ್ಟಿನೆದುರು ತಲೆ ತಗ್ಗಿಸಬೇಕಾಯಿತು. ಎರಡೂ ನಮ್ಮ ಜಿಲ್ಲೆಯ ಸೆರಗಿನಲ್ಲಿ ನಡೆದವು.

2000ದ ಜುಲೈ 30ರ ರಾತ್ರಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂದರೂ ಕನ್ನಡ ಮಾತಾಡುವ ತಾಳವಾಡಿ ಫಿರ್ಕಾ ಮದ್ರಾಸಿನಲ್ಲೇ ಉಳಿಯಿತು. ಗಾಜನೂರು ಇರುವುದು ಅಲ್ಲಿ. ಅಂದಿನ ಚಾಮರಾಜನಗರ ಹೇಗಿತ್ತೆಂದು ನನ್ನ ಓರಗೆಯವರು ಕೇಳಿ ತಿಳಿದದ್ದೇ ಹೆಚ್ಚು: ಅಂಗಡಿ ಬಾಗಿಲು, ನಿಂತ ಬಸ್ಸು, ಪ್ರತಿ ಮನೆಯಲ್ಲೂ ರೇಡಿಯೋ. ಬಿಡುಗಡೆಗೆ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಒಂದು, ಟಾಡಾ ಕಾಯಿದೆಯಡಿ ಮೈಸೂರಿನ ಜೈಲಿನಲ್ಲಿದ್ದವರನ್ನು ಬಿಡಬೇಕೆಂಬುದು. ಸರ್ಕಾರ ಒಪ್ಪಿತು. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನ ಪ್ರಕಾರ ಸರ್ಕಾರಿ ವಕೀಲರು ಪ್ರಕರಣ ಹಿಂದಕ್ಕೆ ಪಡೆಯಬಹುದಿತ್ತು, ಆದರೆ ನ್ಯಾಯಾಲಯದ ಅನುಮತಿ ಬೇಕಿತ್ತು. ಮೈಸೂರಿನ ವಿಶೇಷ ನ್ಯಾಯಾಲಯ ಟಾಡಾ ಆರೋಪಗಳನ್ನು ಕೈಬಿಡಲು ಅನುಮತಿ ಕೊಟ್ಟಿತು.

ಆಗ ಅಬ್ದುಲ್ ಕರೀಂ ಎಂಬ ವೃದ್ಧರು ಸುಪ್ರೀಂ ಕೋರ್ಟಿಗೆ ಹೋದರು. ಅವರ ಮಗ ಶಕೀಲ್ ಅಹ್ಮದ್ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. 1992ರಲ್ಲಿ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದವರು. ಇಡೀ ಕರ್ನಾಟಕ ರಾಜ್‌ಕುಮಾರ್ ಅವರ ಜೀವಕ್ಕಾಗಿ ಹರಕೆ ಹೊತ್ತಿದ್ದ ದಿನಗಳಲ್ಲಿ, ಆ ಬಿಡುಗಡೆಯ ದಾರಿಗೆ ಅಡ್ಡ ಬಂದವರು ಎನ್ನಿಸಿಕೊಳ್ಳುವ ಧೈರ್ಯ ಮಾಡುವುದು ಸುಲಭವಿರಲಿಲ್ಲ. 2000ದ ನವೆಂಬರ್ ಮೊದಲ ವಾರದಲ್ಲಿ ಸುಪ್ರೀಂ ಕೋರ್ಟ್ ಮೈಸೂರಿನ ನ್ಯಾಯಾಲಯದ ಆದೇಶವನ್ನು ರದ್ದು ಮಾಡಿತು. ಅಪಹರಣಕಾರನ ಬೇಡಿಕೆಗೆ ಮಣಿದು ಕಾನೂನಿನ ನಡೆಯನ್ನು ತಿರುಗಿಸಲಾಗದು ಎಂಬುದು ಅದರ ನಿಲುವು. ಅದಾಗಿ ಕೆಲವೇ ದಿನಗಳಲ್ಲಿ, 108 ದಿನಗಳ ಸೆರೆಯ ನಂತರ, ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾಗಿ ಬಂದರು. ಕೈದಿಗಳು ಜೈಲಿನಲ್ಲೇ ಇದ್ದರು.

ಈ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಸರ್ಕಾರ ಸೋತ, ಕಾನೂನು ಗೆದ್ದ ಕತೆಯಾಗಿ ಓದುತ್ತಾರೆ. ನನಗೆ ಅಷ್ಟು ನಿಶ್ಚಿಂತೆಯಾಗಿ ಓದಲು ಆಗುವುದಿಲ್ಲ. ಮೈಸೂರಿನ ಜೈಲಿನಲ್ಲಿದ್ದವರಲ್ಲಿ ಮಲೆಮಹದೇಶ್ವರ ಬೆಟ್ಟದ ಸುತ್ತಿನ ಬಡ ಹಳ್ಳಿಗರು ಬಹಳ ಮಂದಿ ಇದ್ದರು. ಅವರು ಒಳಗೆ ಹೋದದ್ದು 1990ರ ದಶಕದ ಆರಂಭದಲ್ಲಿ. 2001ರಲ್ಲಿ ವಿಚಾರಣೆ ಮುಗಿದಾಗ ಬಹುಪಾಲು ಜನ ಖುಲಾಸೆಯಾದರು. ಕಾರ್ಯಾಚರಣೆಯ ಹೆಸರಿನಲ್ಲಿ ಆ ಹಳ್ಳಿಗಳಲ್ಲಿ ನಡೆದ ಹಿಂಸೆಯನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನೇ ನೇಮಿಸಬೇಕಾಗಿತ್ತು. ಅಪರಾಧಿಗಳಲ್ಲದವರು ಎಂಟೊಂಬತ್ತು ವರ್ಷ ಒಳಗಿದ್ದಾಗ ಮಾತಾಡದ ಕಾನೂನು, ಅವರನ್ನು ತಪ್ಪು ಕಾರಣಕ್ಕೆ ಬಿಡಲು ಹೊರಟಾಗ ಎದ್ದು ನಿಂತಿತು. ಎದ್ದು ನಿಂತದ್ದು ಸರಿಯೇ. ಆದರೆ ಅಬ್ದುಲ್ ಕರೀಂ ಅವರ ನೋವಿನ ಪಕ್ಕದಲ್ಲಿ ಆ ಕೈದಿಗಳ ಮನೆಯವರ ನೋವನ್ನೂ ಇಟ್ಟು ನೋಡದಿದ್ದರೆ ಲ್ಯಾಂಗ್‌ಡೆಲ್ ಹೇಳಿಕೊಟ್ಟ ತೀರ್ಪಿನ ಓದು ಅರ್ಧಕ್ಕೇ ನಿಲ್ಲುತ್ತದೆ. ತೀರ್ಪು ಎದುರಿಗಿರುವ ಕಕ್ಷಿಗಾರರ ಕತೆ ಹೇಳುತ್ತದೆ. ಕಕ್ಷಿಗಾರರಾಗಲು ದಾರಿಯಿಲ್ಲದವರು ಅದರಲ್ಲಿ ಬರುವುದಿಲ್ಲ.

ಎರಡನೆಯದು ಕಾವೇರಿ. 2002ರಲ್ಲಿ ಮಳೆ ಕೈಕೊಟ್ಟಿತು. ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶ ಬಂತು. ಕಬಿನಿ ಜಲಾಶಯಕ್ಕೆ ಹಾರಿ ರೈತರೊಬ್ಬರು ಪ್ರಾಣ ಬಿಟ್ಟರು. ಸರ್ಕಾರ ನೀರು ನಿಲ್ಲಿಸಿತು, ಮುಖ್ಯಮಂತ್ರಿ ಬೆಂಗಳೂರಿನಿಂದ ಮಂಡ್ಯದ ಕಡೆ ಪಾದಯಾತ್ರೆ ಹೊರಟರು. ನ್ಯಾಯಾಂಗ ನಿಂದನೆಯ ಪ್ರಕ್ರಿಯೆ ಶುರುವಾಯಿತು. ಕೊನೆಗೆ ಬೇಷರತ್ ಕ್ಷಮೆ ಕೇಳಿ ನೀರು ಬಿಟ್ಟರು. ಅಂತರರಾಷ್ಟ್ರೀಯ ಕಾನೂನಿನ ಮೇಷ್ಟ್ರಾಗಿದ್ದವರಿಗೆ ಕಾನ್ಸಸ್ ಮತ್ತು ಕೊಲರಾಡೊ ಕತೆ ಹೊಸದಲ್ಲ, ಕೋರ್ಟಿನ ಆದೇಶ ಮೀರಿದರೆ ಏನಾಗುತ್ತದೆಂಬುದೂ ಹೊಸದಲ್ಲ. ಗೊತ್ತಿದ್ದೂ ನಡೆದರು. ಮಂಡ್ಯದವರಾಗಿ ಹುಟ್ಟಿ ಆ ದಿನಗಳಲ್ಲಿ ಬೇರೆ ಥರ ನಡೆಯುವುದು ಯಾರಿಗಾದರೂ ಆಗುತ್ತಿತ್ತೇ ಎಂಬುದು ನನ್ನ ಅನುಮಾನ. ಅದೇ ವರ್ಷ ಆಗಸ್ಟಿನಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ವೀರಪ್ಪನ್ ಅಪಹರಿಸಿದ್ದ; ಡಿಸೆಂಬರಿನಲ್ಲಿ ಅವರ ಶವ ಸಿಕ್ಕಿತು.

ಕೃಷ್ಣ 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಬಂದ ಬರಹಗಳಲ್ಲಿ ಐ.ಟಿ., ಬೆಂಗಳೂರು, ಶಾಲೆಯ ಬಿಸಿಯೂಟ ಎಲ್ಲ ಇತ್ತು. ಅವರು ಕಾನೂನು ಮೇಷ್ಟ್ರಾಗಿದ್ದರೆಂಬುದು ಒಂದು ಸಾಲು.

ಅವರು ನಡೆದ ದಾರಿ ಈಗ ಹೆಚ್ಚು ಅಗಲವಾಗಿದೆ, ಹೆಚ್ಚು ದುಬಾರಿಯೂ ಆಗಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಮಾಧವ ಮೆನನ್ ಅವರು ಐದು ವರ್ಷದ ಕೋರ್ಸನ್ನು ಶುರು ಮಾಡಿದಾಗ ಲ್ಯಾಂಗ್‌ಡೆಲ್‌ನ ತೀರ್ಪು ಓದಿಸುವ ಕ್ರಮವೂ ಅದರ ಜೊತೆ ಬಂತು. ಹದಿನೆಂಟರ ಹುಡುಗ ಹುಡುಗಿಯರು ಸೇರಿ, ಇಪ್ಪತ್ತಮೂರಕ್ಕೆ ವಕೀಲರಾಗಿ, ಒಂದು ವರ್ಷದ ಎಲ್‌ಎಲ್.ಎಂ.ಗೆ ಅಮೆರಿಕಕ್ಕೆ ಹೋಗುವುದು ಈಗ ವಾಡಿಕೆ. ಅಲ್ಲಿಯೇ ನೆಲೆಸುವ ಮನಸ್ಸಿದ್ದವರು ಮತ್ತೆ ಮೂರು ವರ್ಷ ಜೆ.ಡಿ. ಓದುವುದೂ ಉಂಟು. ಆದರೆ ಸೇರುವ ಪರೀಕ್ಷೆಯಾದ ಕ್ಲ್ಯಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸ್ಥಾನ ಮೀಸಲಿಡಲು ರಾಜ್ಯ ಸರ್ಕಾರ 2020ರಲ್ಲಿ ಮಾಡಿದ ತಿದ್ದುಪಡಿಯನ್ನು ಹೈಕೋರ್ಟ್ ರದ್ದು ಮಾಡಿತು; ಆಮೇಲೆ ಶಾಲೆ ತಾನೇ ಆ ಪ್ರಮಾಣದ ಅವಕಾಶ ಮಾಡಿಕೊಂಡಿತು. ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳವರು ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇಡೀ ದೇಶಕ್ಕೆ ವರ್ಷಕ್ಕೆ 125. 2022ರ ನಿಯಮಗಳಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜವನ್ನು ಕುರಿತ ವಿಷಯಗಳನ್ನು ಅದರಿಂದ ಹೊರಗಿಟ್ಟರು. ಚಾಮರಾಜನಗರದ ದಲಿತ ಹುಡುಗಿಯೊಬ್ಬಳು ತನ್ನ ಜಿಲ್ಲೆಯ ಟಾಡಾ ಕೈದಿಗಳ ಚರಿತ್ರೆಯನ್ನು ಅಮೆರಿಕದ ಕಾನೂನು ಶಾಲೆಯಲ್ಲಿ ಕೂತು ಬರೆಯಬೇಕೆಂದರೆ ಆ ಹಣ ಸಿಗುವುದಿಲ್ಲ; ಕಂಪನಿ ಕಾನೂನು ಓದುತ್ತೇನೆಂದರೆ ಅರ್ಜಿ ಹಾಕಬಹುದು.

ನಮ್ಮ ತಾಲ್ಲೂಕಿನ ಮಕ್ಕಳಲ್ಲಿ ಕಾನೂನಿಗೆ ಹೋಗುವವರು ಬಹುತೇಕ ಮೈಸೂರಿನ ಕಾಲೇಜುಗಳಿಗೆ ಹೋಗುತ್ತಾರೆ, ಕೆಲವರು ದಿನವೂ ಬಸ್ಸಿನಲ್ಲಿ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರೂ ಇದ್ದಾರೆ. ಅವರಲ್ಲಿ ಒಬ್ಬಳು, ನಮ್ಮ ಪಕ್ಕದ ಊರಿನವಳು, ಕಳೆದ ತಿಂಗಳು ನನಗೆ ಫೋನ್ ಮಾಡಿದ್ದಳು. ಅಬ್ದುಲ್ ಕರೀಂ ಪ್ರಕರಣದ ತೀರ್ಪು ಕನ್ನಡದಲ್ಲಿ ಸಿಗುತ್ತದೆಯೇ ಎಂದು ಕೇಳಿದಳು. ಅವಳ ಅಜ್ಜಿಯ ತವರು ಹನೂರಿನ ಕಡೆ, ಓದಿ ಹೇಳಬೇಕಂತೆ. ಇಂಗ್ಲಿಷಿನದನ್ನು ಕಳಿಸಿದ್ದೇನೆ. ಇಬ್ಬರೂ ಸೇರಿ ಭಾನುವಾರಗಳಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇವೆ, ಒಂಬತ್ತನೇ ಪುಟಕ್ಕೆ ಬಂದಿದ್ದೇವೆ.